ಮ್ಯಾಚು, ಸಂಗೀತ ಕಚೇರಿ, ಪತ್ತೇದಾರಿ ಕಾದಂಬರಿ: ಮೂರನ್ನೂ ಹವ್ಯಾಸವಾಗಿ ಇಟ್ಕೊಳೋದು ಹೇಗೆ

ಸಂಜೆ ಕೆಲಸ ಮುಗಿದ್ಮೇಲೆ ಒಂದೆರಡು ಗಂಟೆ ನಮ್ದೇ ಅಂತ ಸಿಕ್ರೆ ಒಂದಿನ ಮ್ಯಾಚ್ ನೋಡೋಣ ಅನ್ಸತ್ತೆ, ಒಂದಿನ ಕುವೆಂಪುನಗರದ ಕಡೆ ಯಾವ್ದಾದ್ರೂ ಕಚೇರಿ ಇದ್ಯಾ ಅಂತ ವಿಚಾರಿಸೋಣ ಅನ್ಸತ್ತೆ, ರಾತ್ರಿ ಮಲಗೋ ಮುಂಚೆ ದಿಂಬಿನ ಪಕ್ಕ ಒಂದು ಪತ್ತೇದಾರಿ ಕಾದಂಬರಿ ಇರ್ಲೇಬೇಕು. ಈ ಮೂರೂ ಇಷ್ಟ ಇರೋ ಜನ ನಮ್ ಮೈಸೂರಲ್ಲಿ ಬೇಕಾದಷ್ಟಿದಾರೆ. ಆದ್ರೆ ಎಷ್ಟೋ ಜನ ಸ್ವಲ್ಪ ದೂರ ಬಂದು ನಿಂತ್ಬಿಡ್ತಾರೆ. ನಂಗೆ ರಾಗ ಗೀಗ ಗೊತ್ತಾಗಲ್ಲಪ್ಪ ಅಂತಾರೆ, ಟೆಸ್ಟ್ ಮ್ಯಾಚ್ ಐದೈದು ದಿನ ಯಾರ್ ನೋಡ್ತಾರೆ ಅಂತಾರೆ, ಕೊಲೆಗಾರ ಯಾರು ಅಂತ ಕೊನೇ ಪುಟ ತಿರುವಿದ್ರಾಯ್ತು ಬಿಡಿ ಅಂತಾರೆ. ಅಂಥವ್ರಿಗೋಸ್ಕರ ಇದನ್ನ ಬರೀತಿದೀನಿ. ಇದು ವಿದ್ವಾಂಸರಾಗೋ ದಾರಿ ಅಲ್ಲ, ಪಾಠಕ್ಕೆ ಸೇರ್ಕೊಂಡು ಪರೀಕ್ಷೆ ಕಟ್ಟೋ ದಾರಿನೂ ಅಲ್ಲ. ವಾರಕ್ಕೆ ಸಿಗೋ ನಾಲ್ಕೈದು ಗಂಟೆಲಿ ಈ ಮೂರ್ರಲ್ಲೂ ನಿಜವಾದ ಖುಷಿ ತಗೊಳೋದು ಹೇಗೆ ಅನ್ನೋದಷ್ಟೇ.

ಮೂರಕ್ಕೂ ಉಪಾಯ ಒಂದೇ. ಮುಂದೇನಾಗತ್ತೆ ಅಂತ ಮನಸ್ಸಲ್ಲೇ ಒಂದು ಅಂದಾಜು ಹಾಕಿ, ಆಮೇಲೆ ನೋಡಿ ಅಥವಾ ಕೇಳಿ ಅಥವಾ ಓದಿ. ಬೌಲರ್ ಓಡಿ ಬರೋಕೆ ಮುಂಚೆ ಈ ಬಾಲ್ ಎಲ್ಲಿ ಬೀಳತ್ತೆ ಅಂತ ಅಂದಾಜು, ಆಲಾಪನೆ, ಅಂದ್ರೆ ಕೃತಿಗೆ ಮುಂಚೆ ಸಾಹಿತ್ಯ ಇಲ್ಲದೆ ರಾಗ ಹಾಡೋದು, ಶುರುವಾದ ಕೂಡ್ಲೇ ಯಾವ ರಾಗ ಇರ್ಬಹುದು ಅಂತ ಅಂದಾಜು, ಅರ್ಧ ಕಾದಂಬರಿ ಆದಾಗ ಗುಮಾನಿ ಯಾರ ಮೇಲೆ ಅಂತ ಅಂದಾಜು. ಅಂದಾಜು ಸರಿಯಾಗ್ಬೇಕು ಅಂತೇನೂ ಇಲ್ಲ. ಅಂದಾಜು ಹಾಕಿದ ತಕ್ಷಣ ಕಣ್ಣು ಕಿವಿ ತಾವಾಗೇ ಚುರುಕಾಗ್ತವೆ, ಯಾಕಂದ್ರೆ ಈಗ ನಿಮ್ದೂ ಒಂದು ಪಣ ಅಲ್ಲಿ ಇದೆ. ಬರೀ ಎದುರಿಗೆ ಕೂತಿರೋದಕ್ಕೂ ಇದಕ್ಕೂ ಅಜಗಜಾಂತರ.

ಮೊದ್ಲು ಸಂಗೀತ, ಜನ ಹೆದರೋದು ಇದಕ್ಕೇ ಜಾಸ್ತಿ.

ರಾಗ ಪಕ್ಕಕ್ಕಿಡಿ, ತಾಳದಿಂದ ಶುರು ಮಾಡಿ. ಕಚೇರಿಲಿ ಬರೋ ಕೃತಿಗಳಲ್ಲಿ ತುಂಬ ಆದಿತಾಳದಲ್ಲೇ ಇರತ್ತೆ, ಅದಕ್ಕೆ ಎಂಟು ಎಣಿಕೆ. ಬಲಗೈ ಅಂಗೈನ ತೊಡೆ ಮೇಲೆ ಮೆಲ್ಲಗೆ ಒಂದು ಪೆಟ್ಟು ಹಾಕಿ, ಅದು ಒಂದು. ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು ಒಂದೊಂದಾಗಿ ಮುಟ್ಟಿಸಿ, ಅಲ್ಲಿಗೆ ನಾಲ್ಕಾಯ್ತು. ಮತ್ತೆ ಒಂದು ಪೆಟ್ಟು, ಅಂಗೈ ಮೇಲ್ಮುಖ ತಿರುಗಿಸಿ, ಮತ್ತೆ ಪೆಟ್ಟು, ಮತ್ತೆ ತಿರುಗಿಸಿ, ಎಂಟಾಯ್ತು. ಅಷ್ಟೇ. ಮನೇಲಿ ರೇಡಿಯೋ ಹಾಕ್ಕೊಂಡು ಒಂದು ವಾರ ಇದನ್ನ ಮಾಡಿ, ಆಕಾಶವಾಣಿ ಮೈಸೂರು ಎಫ್‌ಎಂ 100.6ರಲ್ಲಿ ಕರ್ನಾಟಕ ಸಂಗೀತ ಬರ್ತಾನೇ ಇರತ್ತೆ. ಅಂದಹಾಗೆ ಆಕಾಶವಾಣಿ ಅನ್ನೋ ಹೆಸರು ಬಂದಿದ್ದೇ ನಮ್ಮೂರಿಂದ, ಮಹಾರಾಜ ಕಾಲೇಜಲ್ಲಿ ಮೇಷ್ಟ್ರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮನೇಲೇ ರೇಡಿಯೋ ಕೇಂದ್ರ ಶುರು ಮಾಡಿದ್ರು, ಒಬ್ಬ ಹವ್ಯಾಸಿ ತನ್ನ ಆಸಕ್ತಿನ ಎಲ್ಲಿವರೆಗೆ ತಗೊಂಡು ಹೋಗ್ಬಹುದು ಅನ್ನೋದಕ್ಕೆ ಅದಕ್ಕಿಂತ ಒಳ್ಳೇ ಉದಾಹರಣೆ ನಂಗಂತೂ ಗೊತ್ತಿಲ್ಲ.

ಕೈಗೆ ಆದಿತಾಳ ಕೂತ್ಮೇಲೆ ಕಚೇರಿಗೆ ಹೋಗಿ, ಮೇನ್ ಕೃತಿ ಆದ್ಮೇಲೆ ಬರೋ ತನಿ ಆವರ್ತನಕ್ಕೆ, ಅಂದ್ರೆ ತಾಳವಾದ್ಯದವ್ರು ಮಾತ್ರ ನುಡಿಸೋ ಭಾಗಕ್ಕೆ ಕಾಯಿರಿ. ತುಂಬ ಜನ ಕಾಫಿಗೆ ಎದ್ದು ಹೋಗೋದು ಇದೇ ಹೊತ್ತಲ್ಲಿ, ನೋಡಿದ್ರೆ ಹೊಟ್ಟೆ ಉರಿಯತ್ತೆ. ನೀವು ಏಳ್ಬೇಡಿ. ಮೃದಂಗದವ್ರು, ಘಟದವ್ರು ಅಥವಾ ಖಂಜಿರದವ್ರು ಒಬ್ಬರಾದ ಮೇಲೆ ಒಬ್ಬರು ನುಡಿಸ್ತಾರೆ, ಸರದಿ ಬರ್ತಾ ಬರ್ತಾ ಚಿಕ್ಕದಾಗ್ತಾ ಹೋಗತ್ತೆ, ಕೊನೆಗೆ ಇಬ್ರೂ ಒಟ್ಟಿಗೆ ಒಂದೇ ಲೆಕ್ಕದ ಮುಕ್ತಾಯನ ಮೂರು ಸಲ ನುಡಿಸ್ತಾರೆ. ಮೂರನೇದು ಎಲ್ಲಿ ಮುಗಿಯತ್ತೋ ಸರಿಯಾಗಿ ಅಲ್ಲೇ ಹಾಡೋರು ಪಲ್ಲವಿ ಎತ್ಕೋತಾರೆ, ಆ ಜಾಗಕ್ಕೆ ಎಡುಪು ಅಂತಾರೆ, ಅದು ಮೊದಲನೇ ಪೆಟ್ಟಿನ ಮೇಲೇ ಇರ್ಬೇಕು ಅಂತಿಲ್ಲ, ಅರ್ಧ ಎಣಿಕೆ ಆದ್ಮೇಲೋ ಒಂದೂವರೆ ಎಣಿಕೆ ಆದ್ಮೇಲೋ ಇರ್ಬಹುದು. ನೀವು ಮಾಡ್ಬೇಕಾದ್ದು ಇಷ್ಟೇ, ತಾಳ ಬಿಡದೆ ಹಾಕ್ತಾ ಮೊದಲನೇ ಸಲ ಕೇಳಿ, ಎರಡನೇ ಸಲ ಅಳತೆ ಹಿಡೀರಿ, ಮೂರನೇದು ಎಲ್ಲಿ ಬಂದು ಬೀಳತ್ತೆ ಅಂತ ಅಂದಾಜು ಹಾಕಿ. ಅದು ಬಿದ್ದಾಗ ಮುಂದಿನ ಸಾಲಲ್ಲಿ ಕೂತ ಹಿರಿಯರ ಕೈಗಳೆಲ್ಲ ಒಂದೇ ಸಲ ಹೇಗೆ ಏಳ್ತವೆ ನೋಡಿ. ನಿಮ್ ಕೈನೂ ಅವರ ಜೊತೆಗೇ ಎದ್ರೆ ಆ ಖುಷಿನೇ ಬೇರೆ, ಅದಕ್ಕೆ ಯಾವ ಸರ್ಟಿಫಿಕೇಟೂ ಬೇಕಾಗಿಲ್ಲ.

ಆಮೇಲೆ ನಿಧಾನಕ್ಕೆ ಬೇರೆ ತಾಳಗಳು, ರೂಪಕ, ಏಳೆಣಿಕೆಯ ಮಿಶ್ರಛಾಪು, ಐದೆಣಿಕೆಯ ಖಂಡಛಾಪು. ಮಿಶ್ರಛಾಪು ಅಂದ್ರೆ ಮೂರು ಮತ್ತೆ ನಾಲ್ಕು, ಖಂಡ ಅಂದ್ರೆ ಎರಡು ಮತ್ತೆ ಮೂರು, ಇಷ್ಟು ಗೊತ್ತಿದ್ರೆ ಉಳಿದಿದ್ದನ್ನ ಕಿವಿನೇ ಕಲಿಯತ್ತೆ.

ಈಗ ರಾಗ. ಒಂದೇ ಸಲ ಮೂವತ್ತು ರಾಗ ಗುರುತು ಹಿಡಿಯೋಕೆ ಹೋಗ್ಬೇಡಿ, ಜೋಡಿ ಜೋಡಿಯಾಗಿ ಇಟ್ಕೊಳಿ. ಉದಾಹರಣೆಗೆ ಮೋಹನ ಮತ್ತೆ ಹಂಸಧ್ವನಿ. ಎರಡಕ್ಕೂ ಐದೇ ಸ್ವರ, ಸ ರಿ ಗ ಪ ತನಕ ಎರಡೂ ಒಂದೇ, ಕೊನೇ ಸ್ವರ ಮಾತ್ರ ಮೋಹನದಲ್ಲಿ ಧ, ಹಂಸಧ್ವನಿಲಿ ನಿ. ಹಾಗಾಗಿ ಆಲಾಪನೆ ಶುರುವಾದಾಗ ಇದು ಇವೆರಡರಲ್ಲಿ ಒಂದು ಅಂತ ಅನ್ಸಿದ್ರೆ ಹಾಡೋರು ಮೇಲಿನ ಸ ಮುಟ್ಟೋ ಹೊತ್ತಿಗೆ ಮಾತ್ರ ಗಮನ ಕೊಡಿ. ಅದಕ್ಕೆ ಸ್ವಲ್ಪ ಕೆಳಗಿಂದ, ಇನ್ನೇನು ತಗುಲೇ ಬಿಡತ್ತೆ ಅನ್ನೋ ಹಾಗೆ ಒತ್ಕೊಂಡು ಬಂದ್ರೆ ಅದು ನಿ, ಹಂಸಧ್ವನಿ. ಮೆಟ್ಟಿಲು ದಾಟಿ ಆರಾಮಾಗಿ ಬಂದ್ರೆ ಧ, ಮೋಹನ. ಈ ಹಂಸಧ್ವನಿ ರಾಗ ಕೊಟ್ಟಿದ್ದು ಮುತ್ತುಸ್ವಾಮಿ ದೀಕ್ಷಿತರ ತಂದೆ ರಾಮಸ್ವಾಮಿ ದೀಕ್ಷಿತರು. ಇನ್ನೊಂದು ಜೋಡಿ ಶಂಕರಾಭರಣ ಮತ್ತೆ ಕಲ್ಯಾಣಿ, ಇಲ್ಲಿ ಏಳೂ ಸ್ವರ ಇವೆ, ವ್ಯತ್ಯಾಸ ಮ ಒಂದರಲ್ಲೇ. ನಿಮಗೆ ಬಾಯಿಪಾಠ ಬರೋ ಒಂದು ಸಿನಿಮಾ ಹಾಡೋ ಭಾವಗೀತೆನೋ ದೇವರನಾಮನೋ ಯಾವ ರಾಗ ಅಂತ ಗೊತ್ತಿರೋರ ಹತ್ರ ಕೇಳಿ ಬರ್ಕೊಳಿ, ಆ ಹಾಡೇ ನಿಮ್ಮ ಕೈಗನ್ನಡಿ. ಆಲಾಪನೆ ನಡೀತಿದ್ದಾಗ ಆ ಹಾಡಿನ ಮೊದಲ ಸಾಲನ್ನ ಮನಸ್ಸಲ್ಲೇ ಹಾಡ್ಕೊಳಿ, ಹೊಂದತ್ತಾ ಇಲ್ವಾ ತಕ್ಷಣ ಗೊತ್ತಾಗತ್ತೆ. ಸಂಶಯ ಬಂದ್ರೆ ಹಾಡು ಮುಗಿದ್ಮೇಲೆ ಪಕ್ಕದಲ್ಲಿ ಕೂತವ್ರನ್ನ ಕೇಳಿ, ನಮ್ಮೂರ ರಸಿಕರು ಹೇಳೋದ್ರಲ್ಲಿ ಯಾವತ್ತೂ ಜಿಪುಣತನ ಮಾಡಿದವ್ರಲ್ಲ. ಹಾಡು ನಡೀತಿದ್ದಾಗ ಮಾತ್ರ ಕೇಳ್ಬೇಡಿ, ಎದ್ದು ಹೋಗೋದಿದ್ರೂ ಎರಡು ಹಾಡಿನ ಮಧ್ಯೆ ಹೋಗಿ.

ಎಲ್ಲಿಗೆ ಹೋಗೋದು ಅಂದ್ರೆ, ಗಣಪತಿ ಹಬ್ಬದಲ್ಲಿ ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸು. ರಸ್ತೆಲೇ ಪೆಂಡಾಲ್ ಹಾಕಿರ್ತಾರೆ, ದೊಡ್ಡ ದೊಡ್ಡ ವಿದ್ವಾಂಸರು ಬರ್ತಾರೆ, ಹೊಸಬರು ಹೋಗಿ ಕೂರೋಕೆ ಅದಕ್ಕಿಂತ ಸಲೀಸಾದ ಜಾಗ ಇಲ್ಲ. ಕುವೆಂಪುನಗರದ ಗಾನಭಾರತಿಲಿ ವರ್ಷ ಪೂರ್ತಿ ಏನಾದ್ರೂ ನಡೀತಿರತ್ತೆ, ಅಲ್ಲಿನ ಭವನಕ್ಕೆ ವೀಣೆ ಶೇಷಣ್ಣನವರ ಹೆಸರು. ಜೆ.ಎಲ್.ಬಿ. ರಸ್ತೆಲಿ ನಾದಬ್ರಹ್ಮ ಸಂಗೀತ ಸಭಾ ಇದೆ. ಗಾಯಕ ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ರಾಮಮಂದಿರ ಇದೆ, ಹೋದ್ರೆ ಆ ಜಾಗದಲ್ಲಿ ಸುಮ್ಮನೆ ಕೂತು ಬರೋದೇ ಒಂದು ಭಾಗ್ಯ, ಯಾಕಂದ್ರೆ ಕೃಷ್ಣಪ್ಪನವರ ಶಿಷ್ಯರೇ ಪಿಟೀಲು ಚೌಡಯ್ಯನವರು. ಚೌಡಯ್ಯನವರು ತಿರುಮಕೂಡಲು ನರಸೀಪುರದವ್ರು, ಮೈಕು ಸರಿಯಾಗಿ ಇಲ್ಲದ ಕಾಲದಲ್ಲಿ ಪಿಟೀಲಿನ ನಾದ ಸಭೆಯ ಕೊನೇವರೆಗೂ ಮುಟ್ಟಲಿ ಅಂತ ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿ ಮಾಡ್ಕೊಂಡ್ರು. ಇದನ್ನ ತಿಳ್ಕೊಂಡು ಅವರ ಹಳೇ ರೆಕಾರ್ಡಿಂಗ್ ಕೇಳಿ, ಆ ನಾದ ಯಾಕಷ್ಟು ತುಂಬ್ಕೊಂಡಿದೆ ಅಂತ ಅರ್ಥ ಆಗತ್ತೆ.

ಸಂಗೀತ ಅಂದ್ರೆ ಕರ್ನಾಟಕ ಸಂಗೀತ ಒಂದೇನಾ ಅಂತ ಕೇಳೋರಿಗೆ ಒಂದು ವಿಷಯ ಹೇಳ್ಬೇಕು. ಜಯಚಾಮರಾಜ ಒಡೆಯರು 94 ಕೃತಿ ರಚಿಸಿದಾರೆ, ಶ್ರೀವಿದ್ಯಾ ಅಂಕಿತದಲ್ಲಿ. ಅದೇ ಮಹಾರಾಜರು ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು, ರಷ್ಯದ ಮೆಟ್ನರ್ ಅನ್ನೋ ಸಂಗೀತಗಾರ ಕಷ್ಟದಲ್ಲಿದ್ದಾಗ ಅವರ ಸಂಗೀತ ರೆಕಾರ್ಡ್ ಆಗೋಕೆ ದುಡ್ಡು ಕೊಟ್ಟವ್ರು, 1950ರಲ್ಲಿ ಲಂಡನ್ನಿನಲ್ಲಿ ಜರ್ಮನಿಯ ಸಂಗೀತಗಾರ ರಿಚರ್ಡ್ ಸ್ಟ್ರಾಸ್ ಅವರ ಕೊನೇ ಹಾಡುಗಳು ಮೊದಲ ಸಲ ಸಭೆಲಿ ಕೇಳಿದ್ದೂ ಮೈಸೂರಿನ ಸಹಾಯದಿಂದಾನೇ. ಹಾಗಾಗಿ ಪಿಯಾನೋನೂ ಕೇಳಿ, ಗಜಲ್ಲೂ ಕೇಳಿ, ದಸರಾದಲ್ಲಿ ಪೊಲೀಸ್ ಬ್ಯಾಂಡಿನವ್ರು ಕರ್ನಾಟಕ ಬ್ಯಾಂಡು, ಇಂಗ್ಲಿಷ್ ಬ್ಯಾಂಡು ಎರಡೂ ನುಡಿಸ್ತಾರೆ ಅದನ್ನಂತೂ ತಪ್ಪಿಸ್ಬೇಡಿ. ಎರಡೂ ಕಡೆ ಕಿವಿ ಇಟ್ಕೊಳೋದು ಈ ಊರಿಗೆ ಹೊಸದೇನಲ್ಲ.

ಇನ್ನು ಆಟ. ಮೈಸೂರಲ್ಲಿ ಇದ್ಕೊಂಡು ಕುಸ್ತಿ ನೋಡದೇ ಇರೋದು ನ್ಯಾಯ ಅಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ, ಅದಕ್ಕೇ ಕ್ರಿಕೆಟ್‌ಗಿಂತ ಮೊದ್ಲು ಇದನ್ನ ಹೇಳ್ತೀನಿ.

ದಸರಾ ಕುಸ್ತಿ ನಡೆಯೋದು ವಸ್ತುಪ್ರದರ್ಶನದ ಪಕ್ಕ ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ. ಅದಕ್ಕೂ ಮುಂಚೆ ಜೋಡಿ ಕಟ್ಟೋ ಕಾರ್ಯಕ್ರಮ ಇರತ್ತೆ, ಅಂದ್ರೆ ತೂಕ, ವಯಸ್ಸು, ಅನುಭವ ನೋಡಿ ಯಾರಿಗೆ ಯಾರು ಅಂತ ಹಿರಿಯರು ತೀರ್ಮಾನ ಮಾಡೋದು. ಸಾಧ್ಯ ಆದ್ರೆ ಅದಕ್ಕೂ ಹೋಗಿ, ಜೋಡಿ ನೋಡಿದ್ರೇನೇ ಅರ್ಧ ಆಟ ಗೊತ್ತಾಗತ್ತೆ. ನಾಡಕುಸ್ತಿಲಿ ಅಖಾಡದ ಕೆಂಪು ಮಣ್ಣಿಗೆ ಎಣ್ಣೆ, ಅರಿಶಿನ, ಮಜ್ಜಿಗೆ, ನಿಂಬೆರಸ ಎಲ್ಲ ಹಾಕಿ ಹದ ಮಾಡಿರ್ತಾರೆ. ಪೈಲ್ವಾನ್ರು ಮಣ್ಣು ಮುಟ್ಟಿ ನಮಸ್ಕಾರ ಮಾಡಿ ಒಳಗ್ ಬರ್ತಾರೆ, ಒಂದು ಹಿಡಿ ಮಣ್ಣು ತಗೊಂಡು ತಮ್ಮ ಮೈಗೂ ಎದುರಾಳಿ ಮೈಗೂ ಹಚ್ತಾರೆ, ಯಾಕಂದ್ರೆ ಬೆವರಿಗೆ ಹಿಡಿತ ಜಾರತ್ತೆ. ಎದುರಾಳಿ ಬೆನ್ನು ನೆಲಕ್ಕೆ ತಾಗ್ಸಿದ್ರೆ ಚಿತ್, ಅಲ್ಲಿಗೆ ಮುಗೀತು.

ಅಂದಾಜು ಹಾಕೋದು ಹೇಗೆ ಅಂದ್ರೆ, ಅಖಾಡದ ಸುತ್ತ ಕೂತಿರೋ ಯಜಮಾನ್ರನ್ನ ಯಾರನ್ನ ಬೇಕಾದ್ರೂ ಕೇಳಿ, ಕಾಲ್ ನೋಡಿ ಅಂತಾನೇ ಹೇಳ್ತಾರೆ. ಹೊಸಬರ ಕಣ್ಣು ಕೈ ಮೇಲೇ ಇರತ್ತೆ, ಅಲ್ಲಿ ಕುತ್ತಿಗೆ ಹಿಡೀತಿದಾರೆ ಮಣಿಕಟ್ಟು ಎಳೀತಿದಾರೆ ಅಂತ. ಕೈಲಿ ನಡೆಯೋದು ಅರ್ಧ ನಾಟಕ. ಯಾರ ಪಾದ ಮುಂದೆ ಇದೆ, ಭಾರ ಯಾವ ಕಾಲ್ ಮೇಲೆ ಬಿದ್ದಿದೆ, ಹಿಮ್ಮಡಿ ನೆಲ ಬಿಟ್ಟು ಎದ್ದಿದ್ಯಾ, ಇದನ್ನ ನೋಡ್ತಾ ಇದ್ರೆ ಪಟ್ಟು ಬೀಳೋಕೆ ಒಂದು ಕ್ಷಣ ಮುಂಚೆ ನಿಮಗೆ ಸುಳಿವು ಸಿಗತ್ತೆ. ಹಿಮ್ಮಡಿ ಎತ್ತಿದವನು ಒಂದೋ ನುಗ್ತಾನೆ ಇಲ್ಲ ಬೀಳ್ತಾನೆ. ಮ್ಯಾಟ್ ಮೇಲೆ ನಡೆಯೋ ಕುಸ್ತಿಗೆ ಮಾತ್ರ ಲೆಕ್ಕ ಬೇರೆ, ಮೂರು ಮೂರು ನಿಮಿಷದ ಎರಡು ಸುತ್ತು, ಕೆಡವಿದ್ರೆ ಎರಡು ಪಾಯಿಂಟು, ಗೆರೆ ಆಚೆ ತಳ್ಳಿದ್ರೆ ಒಂದು, ಫ್ರೀಸ್ಟೈಲಲ್ಲಿ ಹತ್ತು ಪಾಯಿಂಟ್ ಅಂತರ ಬಂದ್ರೆ ಅಲ್ಲಿಗೇ ಮುಕ್ತಾಯ. ವಿಜಯದಶಮಿ ಬೆಳಿಗ್ಗೆ ಅರಮನೆಲಿ ಜಟ್ಟಿಗಳು ಬೆರಳಿಗೆ ಮೊನೆ ಇರೋ ಆಯುಧ ಹಾಕ್ಕೊಂಡು ಆಡೋ ವಜ್ರಮುಷ್ಟಿ ಕಾಳಗ ನಡೆಯತ್ತಲ್ಲ, ಅದು ರಕ್ತ ಕಂಡ ಕೂಡ್ಲೇ ಮುಗಿಯೋದು, ಕ್ಷಣದಲ್ಲಿ ಆಗೋಗತ್ತೆ, ಅಲ್ಲಿ ಒಳಗೆ ಹೋಗೋಕೆ ಅವಕಾಶ ಸಿಕ್ಕಿದ್ರೆ ಕಣ್ಣು ಮಿಟುಕಿಸದೆ ನೋಡಿ.

ಮಂಡ್ಯ ಕಡೆ ನೆಂಟರು ಇದ್ರೆ ರಾತ್ರಿ ಲೈಟ್ ಹಾಕಿ ಆಡ್ಸೋ ಕಬಡ್ಡಿ ಟೂರ್ನಮೆಂಟಿಗೆ ಹೋಗಿ. ಒಂದೇ ಒಂದು ಎಣಿಕೆ ಇಟ್ಕೊಳಿ, ಕೋರ್ಟಲ್ಲಿ ಎಷ್ಟು ಜನ ಡಿಫೆಂಡರ್ಸ್ ಉಳಿದಿದಾರೆ ಅಂತ. ಆರು ಜನ ಅಥವಾ ಅದಕ್ಕಿಂತ ಹೆಚ್ಚಿದ್ರೆ ರೈಡರ್ ಬೋನಸ್ ಗೆರೆ ಕಡೆ ಆಸೆ ಪಡ್ತಾನೆ, ಮೂರು ಜನಕ್ಕಿಳಿದ್ರೆ ಡಿಫೆಂಡರ್ಸ್ ಸೂಪರ್ ಟ್ಯಾಕಲ್‌ಗೆ, ಅಂದ್ರೆ ರೈಡರ್‌ನ ಹಿಡಿದು ಒಂದು ಪಾಯಿಂಟ್ ಜಾಸ್ತಿ ತಗೊಳೋಕೆ ಹೊಂಚು ಹಾಕ್ತಾರೆ. ಈ ಎಣಿಕೆ ಒಂದ್ರಿಂದಾನೇ ಮುಂದಿನ ರೈಡ್ ಹೇಗಿರತ್ತೆ ಅಂತ ಹೇಳ್ಬಹುದು.

ಕ್ರಿಕೆಟ್ ಬಗ್ಗೆ ಎಲ್ರಿಗೂ ಗೊತ್ತು, ಆದ್ರೆ ನಂದೊಂದು ಮಾತು, ಟಿವಿಲಿ ನೋಡೋದನ್ನ ಸ್ವಲ್ಪ ಕಮ್ಮಿ ಮಾಡಿ ಗ್ರೌಂಡಿಗೆ ಹೋಗಿ. ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸಲ್ಲಿ ರಣಜಿ ಮ್ಯಾಚ್ ಬಂದ್ರೆ ರಜೆ ಹಾಕಿನಾದ್ರೂ ಒಂದು ದಿನ ಕೂತು ಬನ್ನಿ. ಕ್ಯಾಮೆರಾ ಯಾವಾಗ್ಲೂ ಬಾಲ್ ಹಿಂದೆ ಹೋಗತ್ತೆ, ನಿಮ್ ಕಣ್ಣು ಹಾಗೆ ಹೋಗ್ಬೇಕಾಗಿಲ್ಲ. ವಿಕೆಟ್ ಕೀಪರ್ ಎಷ್ಟು ಹಿಂದೆ ನಿಂತಿದಾನೆ ನೋಡಿ, ಪಿಚ್ಚಲ್ಲಿ ಬೌನ್ಸ್ ಎಷ್ಟಿದೆ ಅಂತ ಅವ್ನೇ ಹೇಳ್ತಿದಾನೆ. ಊಟ ಆದ್ಮೇಲೆ ಎರಡು ಹೆಜ್ಜೆ ಮುಂದೆ ಬಂದಿದ್ರೆ ಪಿಚ್ಚು ನಿಧಾನ ಆಗ್ತಿದೆ ಅಂತ ಅರ್ಥ. ಸ್ಲಿಪ್ಪಲ್ಲಿ ಒಬ್ಬನ್ನ ತೆಗೆದು ಕವರ್‌ಗೆ ಕಳ್ಸಿದ್ರೆ ಕ್ಯಾಪ್ಟನ್ ರನ್ ತಡೆಯೋಕೆ ಶುರು ಮಾಡಿದಾನೆ. ಹೊಸ ಬಾಲ್ ಸಿಗೋದು 80 ಓವರ್ ಆದ್ಮೇಲೆ, ಅದಕ್ಕೆ ಮುಂಚಿನ ಐದಾರು ಓವರಲ್ಲಿ ಸ್ಪಿನ್ನರ್‌ಗಳು ಬಂದು ಓವರ್ ಬೇಗ ಬೇಗ ಮುಗಿಸ್ತಿದ್ರೆ ಫಾಸ್ಟ್ ಬೌಲರ್‌ಗಳು ಎಲ್ಲಿ ನಿಂತು ಮೈ ಬಿಸಿ ಮಾಡ್ಕೊಳ್ತಿದಾರೆ ಅಂತ ಹುಡುಕಿ. ಈ ಥರ ನೋಡಿದ್ರೆ ರನ್ನೇ ಬರದಿರೋ ಅರ್ಧ ಗಂಟೆನೂ ಬೇಜಾರಾಗಲ್ಲ.

ಸ್ಕೋರ್‌ಕಾರ್ಡ್ ಓದೋದನ್ನೂ ರೂಢಿ ಮಾಡ್ಕೊಳಿ, ಅದ್ರಲ್ಲೂ ಸೋತವ್ರ ಕಡೆ ಓದಿ. 2010ರ ಜನವರಿಲಿ ಇದೇ ಗಂಗೋತ್ರಿ ಗ್ಲೇಡ್ಸಲ್ಲಿ ರಣಜಿ ಫೈನಲ್, ಮುಂಬೈ 233 ಮತ್ತೆ 234, ನಮ್ಮವ್ರು ಮೊದಲನೇ ಇನಿಂಗ್ಸಲ್ಲಿ 130ಕ್ಕೆ ಔಟು, ಎರಡನೇದ್ರಲ್ಲಿ 338 ಬೇಕಿತ್ತು, ಮನೀಶ್ ಪಾಂಡೆ 144 ಹೊಡೆದ, 331ಕ್ಕೆ ಬಂದು ನಿಂತ್ವಿ. ಆರು ರನ್ನಲ್ಲಿ ಸೋಲು. ಆ ಕಾರ್ಡನ್ನ ಮುಂದಿಟ್ಕೊಂಡು ಮ್ಯಾಚ್ ಎಲ್ಲಿ ಹೋಯ್ತು ಅಂತ ನೋಡಿ, ಕೊನೇ ಅರ್ಧ ಗಂಟೆಲಿ ಅಂತ ಎಲ್ರೂ ಹೇಳ್ತಾರೆ, ಆದ್ರೆ ಆ 130 ಇದ್ಯಲ್ಲ, ನಂಗೆ ಮ್ಯಾಚ್ ಹೋಗಿದ್ದು ಅಲ್ಲೇ ಅನ್ಸತ್ತೆ. ಹಾಗೇ ನಮ್ ಮೈಸೂರ್ ಎಕ್ಸ್‌ಪ್ರೆಸ್ ಜಾವಗಲ್ ಶ್ರೀನಾಥ್ ಅವರ 1999ರ ಕೋಲ್ಕತ್ತ ಟೆಸ್ಟ್ ಕಾರ್ಡ್ ತೆಗೆದು ನೋಡಿ, ಪಾಕಿಸ್ತಾನದ ವಿರುದ್ಧ ಒಂದೇ ಇನಿಂಗ್ಸಲ್ಲಿ 86 ರನ್ ಕೊಟ್ಟು 8 ವಿಕೆಟ್, ಇಡೀ ಮ್ಯಾಚಲ್ಲಿ 13 ವಿಕೆಟ್, ಆದ್ರೂ ಇಂಡಿಯಾ ಸೋಲ್ತು. 67 ಟೆಸ್ಟಲ್ಲಿ 236 ವಿಕೆಟ್ ತಗೊಂಡವ್ರು, ಅದ್ರಲ್ಲಿ ಎಷ್ಟೋ ನಮ್ಮ ದೇಶದ ಜೀವ ಇಲ್ಲದ ಪಿಚ್ಚುಗಳ ಮೇಲೆ. ಆ ಅಂಕಿಗಳನ್ನ ಓದ್ತಾ ಹೋದ್ರೆ ಎಸ್.ಜೆ.ಸಿ.ಇ.ಲಿ ಇಂಜಿನಿಯರಿಂಗ್ ಓದಿದ ಒಬ್ಬ ಹುಡುಗನ ಭುಜದ ಮೇಲೆ ಎಷ್ಟು ಭಾರ ಇತ್ತು ಅಂತ ಗೊತ್ತಾಗತ್ತೆ.

ಪತ್ತೇದಾರಿ ಕಾದಂಬರಿಗೆ ಬರೋಣ, ಇಲ್ಲಿ ಅಂದಾಜು ಹಾಕೋದೇ ಆಟ.

ಒಂದು ವಿಷಯ ಮೊದ್ಲೇ ತಿಳ್ಕೊಳಿ, ಕ್ರೈಮ್ ಕಥೆ ಅಂದ್ರೆ ಎಲ್ಲ ಒಂದೇ ಜಾತಿ ಅಲ್ಲ. ಕೆಲವು ಕಥೆ ಓದುಗನಿಗೂ ಪತ್ತೇದಾರನಿಗೂ ಸಮನಾದ ಸುಳಿವು ಕೊಡ್ತವೆ, ಯಾರು ಮಾಡಿದ್ದು ಅಂತ ನೀವೂ ಕಂಡುಹಿಡೀಬಹುದು. ಕೆಲವು ಕಥೆಲಿ ಕೊಲೆಗಾರ ಯಾರು ಅಂತ ಮೊದಲನೇ ಅಧ್ಯಾಯದಲ್ಲೇ ಗೊತ್ತು, ಸಿಕ್ಕಿಬೀಳೋದು ಹೇಗೆ ಅನ್ನೋದೇ ಕಥೆ. ಇನ್ನು ಕೆಲವು ಬರೀ ಓಟ, ಬೆನ್ನಟ್ಟೋದು, ಗುಂಡು ಹಾರ್ಸೋದು. ಮೂರನೇ ಥರದ್ದನ್ನ ಇಟ್ಕೊಂಡು ಒಗಟು ಬಿಡಿಸೋಕೆ ಕೂತ್ರೆ ಬೇಜಾರಾಗತ್ತೆ, ಅದು ಪುಸ್ತಕದ ತಪ್ಪಲ್ಲ. ಮೊದಲನೇ ಥರದ್ದು ಓದೋವಾಗ ರೊನಾಲ್ಡ್ ನಾಕ್ಸ್ ಅನ್ನೋ ಇಂಗ್ಲೆಂಡಿನ ಪಾದ್ರಿ 1929ರಲ್ಲಿ ಬರೆದ ಹತ್ತು ನಿಯಮ ನೆನಪಿಟ್ಕೊಂಡ್ರೆ ಅನುಕೂಲ. ಅಪರಾಧಿ ಕಥೆಯ ಶುರುವಿನಲ್ಲೇ ಕಾಣಿಸ್ಕೊಂಡಿರ್ಬೇಕು, ಗುಪ್ತದ್ವಾರ ಒಂದಕ್ಕಿಂತ ಜಾಸ್ತಿ ಇರ್ಬಾರ್ದು, ಮುಂಚೆನೇ ಸೂಚನೆ ಕೊಡದೆ ಅವಳಿಜವಳಿ ತಂದು ನಿಲ್ಲಿಸ್ಬಾರ್ದು, ಪತ್ತೇದಾರನಿಗೆ ಸಿಕ್ಕಿದ ಸುಳಿವು ಓದುಗನಿಗೂ ಸಿಗ್ಬೇಕು, ಹೀಗೆ. ಲೇಖಕರು ಇದನ್ನ ಪಾಲಿಸಿದಾರೆ ಅಂತ ನಂಬಿಕೊಂಡ್ರೆ ನಿಮ್ಮ ಗುಮಾನಿ ಪಟ್ಟಿ ಅರ್ಧಕ್ಕಿಳಿಯತ್ತೆ, ನೂರನೇ ಪುಟದಲ್ಲಿ ಬಂದವ್ರನ್ನ ಧೈರ್ಯವಾಗಿ ಬಿಟ್ಬಿಡಿ.

ಮಾಡ್ಬೇಕಾದ್ದು ಹೀಗೆ. ಒಂದು ಚೀಟಿನ ಪುಸ್ತಕದೊಳಗೆ ಗುರುತಿಗೆ ಅಂತ ಇಡ್ತೀವಲ್ಲ, ಅದನ್ನೇ ಉದ್ದುದ್ದ ಮಡಚಿ ಎಡಗಡೆ ಹೆಸರು, ಬಲಗಡೆ ಆ ಹೊತ್ತಲ್ಲಿ ಎಲ್ಲಿದ್ದೆ ಅಂತ ಅವ್ರೇ ಹೇಳಿದ ಮಾತು ಬರೀರಿ. ಅವ್ರು ಹೇಳಿದ್ದು ಮತ್ತೆ ಇನ್ನೊಬ್ರು ನೋಡಿದ್ದು ಬೇರೆ ಬೇರೆ ಅನ್ನೋದನ್ನ ಮರೀಬೇಡಿ, ಇನ್ನೊಬ್ರು ನೋಡಿದ್ದಿದ್ರೆ ಪಕ್ಕದಲ್ಲೊಂದು ಟಿಕ್ ಹಾಕಿ. ಉದಾಹರಣೆಗೆ ಒಂದು ಕಥೆಲಿ ಅಡುಗೆಯವ್ರು ಎಂಟು ಗಂಟೆಗೆ ಹಾಲು ಕೊಟ್ಟು ಬಂದೆ ಅಂತಾರೆ, ಅಳಿಯ ನಾನು ಮಾವನ ಜೊತೆ ಎಂಟೂವರೆಗೆ ಮಾತಾಡಿದೆ ಅಂತಾನೆ. ಮೊದಲನೇದನ್ನ ಮಗಳು ಕಂಡಿದಾಳೆ, ಎರಡನೇದನ್ನ ಕಂಡೋರು ಯಾರೂ ಇಲ್ಲ, ಆದ್ರೆ ಮುಂದೆ ಇಡೀ ಪೊಲೀಸ್ ಲೆಕ್ಕ ಎಂಟೂವರೆಗೆ ಯಜಮಾನ್ರು ಬದುಕಿದ್ರು ಅನ್ನೋದ್ರ ಮೇಲೇ ನಿಂತಿದೆ. ಟಿಕ್ ಇಲ್ಲದ ಆ ಒಂದು ಸಾಲು ನಿಮ್ ಚೀಟಿಲಿ ಕಣ್ಣಿಗೆ ಹೊಡಿಯತ್ತೆ. ಎಷ್ಟೋ ಕಥೆಗಳು ಇಂಥ ಒಂದು ಸುಳ್ಳಿನ ಮೇಲೆ ಕಟ್ಟಿರೋದೇ. ಮುಕ್ಕಾಲು ಪುಸ್ತಕ ಆದ್ಮೇಲೆ ಒಂದು ರಾತ್ರಿ ಮುಚ್ಚಿಡಿ, ಚೀಟಿ ಹಿಂದೆ ಯಾರು, ಹೇಗೆ, ಯಾಕೆ ಮೂರೂ ಬರೀರಿ. ಯಾರು ಅಂತ ಮಾತ್ರ ಬರೆದ್ರೆ ಅದು ಲಾಟರಿ, ಹೇಗೆ ಅನ್ನೋದು ಸರಿ ಬಂದ್ರೆ ಅದು ಓದು.

ಕನ್ನಡದಲ್ಲಿ ಏನು ಓದೋದು ಅಂದ್ರೆ ಎನ್. ನರಸಿಂಹಯ್ಯನವರಿಂದ ಶುರು ಮಾಡಿ, ಪತ್ತೇದಾರ ಪುರುಷೋತ್ತಮನನ್ನ ಕೊಟ್ಟವ್ರು, ನೂರಾರು ಕಾದಂಬರಿ ಬರೆದು ಎಷ್ಟೋ ಜನಕ್ಕೆ ಕನ್ನಡ ಓದೋ ರುಚಿ ಹತ್ತಿಸಿದವ್ರು. ನಮ್ಮಜ್ಜಿಯರ ಕಾಲದ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಬದುಕಿದ್ದೇ ಇಂಥ ಪುಸ್ತಕಗಳಿಂದ. ಆ ಪುಸ್ತಕಗಳನ್ನ ಕೀಳಾಗಿ ಮಾತಾಡೋರ ಜೊತೆ ನಾನು ಯಾವತ್ತೂ ಒಪ್ಪಲ್ಲ. ನಗರ ಕೇಂದ್ರ ಗ್ರಂಥಾಲಯದಲ್ಲಿ ಮೆಂಬರ್ ಆಗಿ, ಹಳೇ ಪುಸ್ತಕದಂಗಡಿಗಳಲ್ಲಿ ಹುಡುಕಿ, ಕೊನೇ ಪುಟ ಹರಿದಿಲ್ಲ ಅನ್ನೋದನ್ನ ಮಾತ್ರ ಅಂಗಡಿಲೇ ನಿಂತು ನೋಡ್ಕೊಂಡು ತಗೊಳಿ.

ಈ ವಿಷಯದಲ್ಲಿ ಮೈಸೂರಿಗೆ ಇನ್ನೊಂದು ಹೆಮ್ಮೆ ಇದೆ, ತುಂಬ ಜನ ಗಮನಿಸಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಇಲ್ಲಿನ ಓರಿಯಂಟಲ್ ಲೈಬ್ರರಿಗೆ ಬಂದು ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ತು, 1905ರಿಂದ ಅವರು ಅದನ್ನ ಬೆಳಕಿಗೆ ತಂದ್ರು, 1909ರಲ್ಲಿ ಅಚ್ಚಾಯ್ತು. ಅದು ಇವತ್ತಿನ ಪ್ರಾಚ್ಯವಿದ್ಯಾ ಸಂಶೋಧನಾಲಯ. ಅರ್ಥಶಾಸ್ತ್ರ ಅಂದ್ರೆ ತೆರಿಗೆ, ಗೂಢಚಾರರು ಅಂತ ಮಾತ್ರ ಅನ್ಕೋತೀವಿ, ಆದ್ರೆ ಅದ್ರ ನಾಲ್ಕನೇ ಅಧಿಕರಣ ಕಂಟಕಶೋಧನದಲ್ಲಿ ಆಶುಮೃತಕ ಪರೀಕ್ಷೆ ಅಂತ ಒಂದು ಅಧ್ಯಾಯನೇ ಇದೆ, ಅಂದ್ರೆ ಹಠಾತ್ತಾಗಿ ಸತ್ತವ್ರ ಶವನ ಹೇಗೆ ಪರೀಕ್ಷೆ ಮಾಡ್ಬೇಕು ಅಂತ. ಶವಕ್ಕೆ ಎಣ್ಣೆ ಸವರಿ ನೋಡ್ಬೇಕು ಅಂತ ಶುರುವಾಗತ್ತೆ. ಕೈಕಾಲು ಊದಿ, ಕಣ್ಣು ತೆರೆದೇ ಇದ್ದು, ಕುತ್ತಿಗೆ ಮೇಲೆ ಗುರುತಿದ್ರೆ ಉಸಿರುಗಟ್ಟಿಸಿ ಕೊಂದಿದ್ದು, ಕೈಕಾಲು ಹಲ್ಲು ಉಗುರು ಕಪ್ಪಾಗಿ ಬಾಯಲ್ಲಿ ನೊರೆ ಇದ್ರೆ ವಿಷ, ಹೀಗೆ ಒಂದೊಂದನ್ನೇ ಹೇಳ್ತಾ ಹೋಗ್ತಾನೆ. ಕನ್ನಡ ಅನುವಾದ ಲೈಬ್ರರಿಲಿ ಸಿಕ್ಕಿದ್ರೆ ಆ ಅಧ್ಯಾಯ ಒಂದನ್ನಾದ್ರೂ ಓದಿ, ಆಮೇಲೆ ಯಾವ ಪತ್ತೇದಾರಿ ಕಾದಂಬರಿ ಕೈಗೆತ್ಕೊಂಡ್ರೂ ಶವ ಸಿಕ್ಕೋ ಪುಟನ ಹಾರ್ಸಿ ಹೋಗೋಕೆ ಮನಸ್ಸು ಬರಲ್ಲ.

ಮೂರೂ ಆಸಕ್ತಿ ಒಬ್ಬರಿಗೇ ಯಾಕೆ, ಒಂದನ್ನ ಹಿಡ್ಕೊಂಡು ಸಾಧಿಸ್ಬಾರ್ದಾ ಅಂತ ಮನೇಲಿ ಯಾರಾದ್ರೂ ಕೇಳಿದ್ರೆ ಷರ್ಲಾಕ್ ಹೋಮ್ಸ್ ಕಡೆ ಕೈ ತೋರ್ಸಿ. ಪಿಟೀಲು ನುಡಿಸ್ತಿದ್ದ, ಬಾಕ್ಸಿಂಗ್ ಆಡ್ತಿದ್ದ, ಕತ್ತಿವರಸೆ ಗೊತ್ತಿತ್ತು, ಉಳಿದ ಹೊತ್ತಲ್ಲಿ ಕೊಲೆಗಾರರನ್ನ ಹಿಡೀತಿದ್ದ. ಅವನನ್ನ ಸೃಷ್ಟಿಸಿದ ಕಾನನ್ ಡಾಯ್ಲ್ ಲಂಡನ್ನಿನ ಎಂ.ಸಿ.ಸಿ. ಕ್ರಿಕೆಟ್ ಕ್ಲಬ್ಬಿನ ಪರವಾಗಿ ಹತ್ತು ಫಸ್ಟ್‌ಕ್ಲಾಸ್ ಮ್ಯಾಚ್ ಆಡಿದವ್ರು, ಅವರ ಲೆಕ್ಕದಲ್ಲಿರೋ ಒಂದೇ ಒಂದು ಫಸ್ಟ್‌ಕ್ಲಾಸ್ ವಿಕೆಟ್ ಯಾರ್ದು ಗೊತ್ತಾ, ಆ ಕಾಲದ ಇಂಗ್ಲೆಂಡಿನ ಮಹಾ ಬ್ಯಾಟ್ಸ್‌ಮನ್ ಡಬ್ಲ್ಯು.ಜಿ. ಗ್ರೇಸ್‌ದು.

ಟೈಮ್ ಹೊಂದಿಸೋದು ಕಷ್ಟ ಅನ್ನೋರು ವಾರದ ಲೆಕ್ಕ ಬಿಟ್ಟು ಋತುವಿನ ಲೆಕ್ಕ ಹಿಡೀರಿ, ನಮ್ಮೂರು ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆಷಾಢದ ಮಳೇಲಿ ಎಲ್ಲೂ ಹೋಗೋಕಾಗಲ್ಲ, ಆಗ ಕಾದಂಬರಿ. ಭಾದ್ರಪದದಲ್ಲಿ ಎಂಟನೇ ಕ್ರಾಸು, ಆಮೇಲೆ ದಸರಾ, ಅಲ್ಲಿ ಕುಸ್ತಿನೂ ಸಂಗೀತನೂ ಒಟ್ಟಿಗೇ ಸಿಗತ್ತೆ, ಸಂಜೆ ಕುಸ್ತಿ ನೋಡ್ಕೊಂಡು ಹಾಗೇ ಅರಮನೆ ಮುಂದಿನ ಕಚೇರಿಗೆ ನಡ್ಕೊಂಡೇ ಹೋಗ್ಬಹುದು. ಚಳಿ ಶುರುವಾದ್ರೆ ರಣಜಿ, ಬೇಸಿಗೆ ಕಾಲಿಟ್ರೆ ರಾಮನವಮಿ ಕಚೇರಿಗಳು, ಪಾನಕ ಕೋಸಂಬರಿ ಜೊತೆಗೆ. ಗ್ರೌಂಡಿಗೆ ಹೋಗೋವಾಗ ಟೋಪಿ ನೀರು ಮರೀಬೇಡಿ, ಕುಸ್ತಿಗೆ ಹೋದ್ರೆ ಒಂದು ಗಂಟೆ ಮುಂಚೆ ಹೋಗಿ ಅಖಾಡದ ಹತ್ರ ಜಾಗ ಹಿಡೀರಿ, ದೂರ ಕೂತ್ರೆ ಪೈಲ್ವಾನ್ರ ಪಾದ ಕಾಣಲ್ಲ.